ಎಣ್ಣೆಕಡ್ಡಿ ಒರಸುವ ಅರಿವೆ

ನಮ್ಮ ಗಾಡಿಯ ಎಡಬಾಗಿಲಿನ ಜೇಬಿನೊಳಗ ಒಂದು ಅರಿವೆಯ ತುಂಡು ಇರುತ್ತದೆ. ಹಳೆಯ ಬಿಳಿ ದೋತರದ ತುಂಡು. ಈಗ ಬಿಳಿ ಅಂತ ನಾನು ಹೇಳಿದರೆ ನೀವು ನಂಬಬೇಕು, ಅಷ್ಟೆ. ಗಾಡಿ ನೋಡಿದರೆ ದೊಡ್ಡ ಪರದೇಶಿ ಕಂಪನಿಯದು, ಏಣಿ ಹತ್ತಿದಂತೆ ಕಾಲೆತ್ತಿ ಹತ್ತಬೇಕು, ಒಳಗ ಕುಂತರೆ ಸೋಫಾ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಅಂಥಾದ್ದರೊಳಗ ಈ ಕರಿ ಚಿಂದಿ ಯಾಕ ಅಂತ ಹತ್ತಿದವರೆಲ್ಲ ಕೇಳುತ್ತಾರೆ. ಹೋದ ತಿಂಗಳು ನಮ್ಮ ಮನೆಯವರ ಜೊತೆ ಕೋರ್ಟಿನಿಂದ ಬಂದ ಜೂನಿಯರ್ ವಕೀಲರೊಬ್ಬರು ಅದರಿಂದ ತಮ್ಮ ಬೂಟು ಒರಸಿಕೊಳ್ಳಲು ಹೊರಟಿದ್ದರು. ನಾನು ಅವರ ಕೈಯಿಂದ ಕಸಗೊಂಡೆ. ಪಾಪ, ಅವರಿಗೆ ಏನು ತಪ್ಪಾಯಿತು ಅಂತ ತಿಳಿಯಲೇ ಇಲ್ಲ. ಅವರಿಗೆ ಹೇಳದೆ ಉಳಿದದ್ದನ್ನ ನಿಮಗೆ ಹೇಳ್ತೀನಿ.

ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವಾಕಿ. ಸಂಧಿ, ಸಮಾಸ, ಛಂದಸ್ಸು ನನ್ನ ಹೊಟ್ಟೆಪಾಡು. ಆದರೆ ನಾನು ಹುಟ್ಟಿ ಬೆಳೆದದ್ದು ರಾಯಬಾಗ ತಾಲೂಕಿನ ಕೃಷ್ಣಾ ದಂಡೆಯ ಮೇಲೆ, ನಮ್ಮ ಅಪ್ಪನ ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ. ಹೊಳೆಯ ನೀರೆತ್ತಿ ಕಬ್ಬಿಗೆ ಬಿಡುವ ಎಂಜಿನ್ನು ಅದು. ಹಸಿರು ಬಣ್ಣ, ಒಂದೇ ಸಿಲಿಂಡರು, ತಗಡಿನ ಶೆಡ್ಡಿನೊಳಗ ಕುಂತು ದಿನವಿಡೀ ದುಕು ದುಕು ಅನ್ನುತ್ತಿತ್ತು. ನಾನೂ ನನ್ನ ತಂಗಿ ಪದ್ಮಾಳೂ ಆ ಸಪ್ಪಳದಲ್ಲೇ ಮಗ್ಗಿ ಬಾಯಿಪಾಠ ಮಾಡಿದ್ದು. ಎಂಜಿನ್ನಿನ ಒಂದೊಂದು ಹೊಡೆತಕ್ಕೆ ಒಂದೊಂದು ಅಂಕಿ. ಡೀಸೆಲ್ ತೀರಿ ಅದು ಉಸಿರು ಕಟ್ಟಿ ನಿಂತರೆ ನಾವೂ ಹದಿಮೂರೆಂಟ್ಲೆ ಹತ್ತಿರ ನಿಂತುಬಿಡುತ್ತಿದ್ದೆವು. ಇವತ್ತಿಗೂ ಹದಿಮೂರೆಂಟ್ಲೆ ನನಗ ತಟ್ಟನೆ ಬರೂದಿಲ್ಲ.

ಅಪ್ಪನ ಹೆಗಲ ಮೇಲೆ ಯಾವಾಗಲೂ ಒಂದು ಅರಿವೆ. ಹರಿದ ದೋತರದ ತುಂಡು. ಅದು ಬೆವರು ಒರಸಲಿಕ್ಕೆ ಅಂತ ನೀವು ತಿಳಿದಿದ್ದರೆ ತಪ್ಪು. ಬೆವರಿಗೆ ಅಂಗಿಯ ತೋಳು ಇತ್ತು. ಅರಿವೆ ಎಂಜಿನ್ನಿನ ಎಣ್ಣೆ ಅಳೆಯುವ ಎಣ್ಣೆಕಡ್ಡಿಗೆ. ದಿನಾ ಮುಂಜಾನೆ ಚಾಲೂ ಮಾಡುವ ಮೊದಲು ಕಡ್ಡಿ ಹಿರಿದು, ಅರಿವೆಯಿಂದ ಒರಸಿ, ಮತ್ತೆ ಅದ್ದಿ ತೆಗೆದು, ಅರಿವೆಯ ಮೇಲೆ ಬಿದ್ದ ಕಲೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಕಲೆ ಕರಿ ಇದೆಯೋ, ಹಾಲಿನಂತೆ ಬೆಳ್ಳಗಿದೆಯೋ, ಉಸುಕು ಕೈಗೆ ಹತ್ತುತ್ತದೆಯೋ, ಮೂಗಿಗೆ ಡೀಸೆಲ್ ವಾಸನೆ ಬರುತ್ತದೆಯೋ. ನಮ್ಮನ್ನೂ ಕರೆದು ಮೂಸಿಸುತ್ತಿದ್ದ. ಬೇರೆ ಮನೆಯ ಹೆಣ್ಣುಮಕ್ಕಳು ಮಲ್ಲಿಗೆ ಮೂಸುತ್ತಿದ್ದ ವಯಸ್ಸಿನಲ್ಲಿ ನಾವು ಇದನ್ನು ಮೂಸಿದೆವು.

ಇನ್ನೊಂದು ಅರಿವೆ ಮನೆಯೊಳಗ ಇತ್ತು, ಅವ್ವನದು. ನಾವು ಜೈನರು, ನೀರು ಸೋಸದೆ ಕುಡಿಯುವ ಪದ್ಧತಿ ಇಲ್ಲ. ಬಾವಿಯಿಂದ ಕೊಡ ಬಂದ ಕೂಡಲೇ ದಪ್ಪ ಅರಿವೆಯನ್ನು ಎರಡು ಪದರು ಮಾಡಿ ಹಂಡೆಯ ಬಾಯಿಗೆ ಕಟ್ಟಿ ಸೋಸಬೇಕು. ಸೋಸಿದರಷ್ಟಕ್ಕೇ ಮುಗಿಯುವುದಿಲ್ಲ. ಅರಿವೆಯನ್ನು ತಿರುವಿ ಹಾಕಿ, ಸೋಸಿದ ನೀರನ್ನೇ ಮೇಲಿಂದ ಹನಿಸಿ, ಅದರಲ್ಲಿ ಸಿಕ್ಕ ಸಣ್ಣ ಜೀವಗಳನ್ನು ಮತ್ತೆ ಬಾವಿಗೇ ಬಿಟ್ಟು ಬರಬೇಕು. ಅವ್ವ ಇದನ್ನು ಒಂದು ದಿನವೂ ತಪ್ಪಿಸಲಿಲ್ಲ. ಅಪ್ಪ ಅದನ್ನು ನೋಡಿಯೇ ಡೀಸೆಲ್ ಸೋಸುವುದು ಕಲಿತ. ಪೀಪಾಯಿಯಿಂದ ಎಂಜಿನ್ನಿಗೆ ಹಾಕುವಾಗ ಅರಿವೆ ಕಟ್ಟಿ ಸೋಸುತ್ತಿದ್ದ. ಒಂದು ಸಲ ಗಡಿಬಿಡಿಯಲ್ಲಿ ಅವ್ವನ ನೀರಿನ ಅರಿವೆಯನ್ನೇ ಒಯ್ದುಬಿಟ್ಟ. ಅವತ್ತು ಅವ್ವ ಅಪ್ಪನ ಜೊತೆ ಮಾತು ಬಿಟ್ಟವಳು ಹೊಸ ಅರಿವೆ ಬಂದ ಮೇಲೆಯೇ ಬಾಯಿ ತೆರೆದಳು.

ಸುತ್ತಿನ ಹಳ್ಳಿಯಲ್ಲಿ ಯಾರು ಹಳೆಯ ಎಂಜಿನ್ನು ಕೊಳ್ಳುವುದಿದ್ದರೂ ಅಪ್ಪನನ್ನು ಕರೆದೊಯ್ಯುತ್ತಿದ್ದರು. ಅಪ್ಪ ಹೋದವನೇ ಬಲಗೈ ಮುಂಗೈಯನ್ನು ಎಂಜಿನ್ನಿನ ಮೈಗೆ ಒತ್ತುತ್ತಿದ್ದ. ಮಗುವಿಗೆ ಜ್ವರ ಇದೆಯೇನೋ ಅಂತ ಹಣೆ ಮುಟ್ಟಿ ನೋಡುತ್ತಾರಲ್ಲ, ಹಾಗೆ. ಬೆಚ್ಚಗಿದ್ದರೆ ಮಾತಿಲ್ಲ ಕತೆಯಿಲ್ಲ, ಹೋಗಿ ಬೇವಿನ ಗಿಡದ ಕೆಳಗ ಕುಂತುಬಿಡುತ್ತಿದ್ದ. ಮಾರುವವರು ಬಂದು ಚಾಲೂ ಮಾಡಿ ತೋರಿಸಲಾ ಅಂತ ಕೇಳಿದರೆ, ಆರಲಿ ಅನ್ನುತ್ತಿದ್ದ. ಬಿಸಿ ಇದ್ದಾಗ ಎಲ್ಲಾ ಎಂಜಿನ್ನೂ ಚಲೋನೇ ಇರುತ್ತವೆ, ತಣ್ಣಗಿದ್ದಾಗ ಒಂದೇ ಹೊಡೆತಕ್ಕೆ ಏಳುತ್ತದೋ ಇಲ್ಲವೋ ನೋಡಬೇಕು ಅಂತ ನಮಗೆ ಹೇಳಿಕೊಟ್ಟದ್ದು. ಮೂರು ತಾಸು ಕುಂತು, ಮಾರುವವರಿಂದ ಬೈಸಿಕೊಂಡು, ಕೊನೆಗೆ ಕಡ್ಡಿ ಹಿರಿದು ನೋಡಿ, ಬ್ಯಾಡ ಅಂತ ಎದ್ದು ಬಂದದ್ದೂ ಉಂಟು.

ಈ ವಿದ್ಯೆಯನ್ನು ನಾನು ಗಂಡನ ಮನೆಗೆ ತಂದೆ. ತಂದು ಮಾಡಿದ್ದೇನು ಕೇಳ್ರಿ. ಮಿಕ್ಸರ್ ಕೊಳ್ಳಲು ಹೋದಾಗ ಅಂಗಡಿಯವನ ಮುಂದೆ ಅದರ ಹೊಟ್ಟೆಯ ಮೇಲೆ ಮುಂಗೈ ಇಟ್ಟು, ಇದು ಬಿಸಿ ಐತಿ, ಆರಿದ ಮ್ಯಾಲ ಬರ್ತೇವಿ ಅಂದಿದ್ದೆ. ಫ್ರಿಜ್ ಬಂದ ವರ್ಷವೇ ಅದರ ಸಪ್ಪಳ ಕೇಳಿ, ಇದಕ್ಕೆ ಆಯುಷ್ಯ ಇಲ್ಲ ಅಂತ ತೀರ್ಪು ಕೊಟ್ಟಿದ್ದೆ. ಇಪ್ಪತ್ತು ವರ್ಷವಾಯಿತು, ಇವತ್ತು ಮುಂಜಾನೆಯೂ ಅದರೊಳಗಿನ ಮೊಸರನ್ನೇ ತಿಂದಿದ್ದೇವೆ. ಅಪ್ಪ ತೀರಿಕೊಂಡ ಮೇಲೆ ಅವನ ಕಡೆಯ ದೋತರವನ್ನು ನಾನೂ ಪದ್ಮಾಳೂ ಅರ್ಧರ್ಧ ಹರಿದುಕೊಂಡೆವು. ಪದ್ಮಾ ತನ್ನ ಪಾಲನ್ನು ಮಡಚಿ ಟ್ರಂಕಿನಲ್ಲಿಟ್ಟಳು. ನನ್ನ ಪಾಲು ಅಡಿಗಿಮನಿಯಲ್ಲಿ ಕಾದ ಹಂಚು ಹಿಡಿಯುವ ಅರಿವೆಯಾಗಿ ಎಂದೋ ಸುಟ್ಟುಹೋಯಿತು. ಇದನ್ನು ನಾನು ಪದ್ಮಾಗೆ ಬಹಳ ವರ್ಷ ಹೇಳಿರಲಿಲ್ಲ.

ಇನ್ನು ನಮ್ಮ ವಕೀಲರ ವಿಷಯ. ವಕೀಲರು ಅಂದರೆ ನಮ್ಮ ಮನೆಯವರು. ಬದುವಿನ ಒಂದು ಕಲ್ಲು ಸರಿದದ್ದಕ್ಕೆ ಸಾಕ್ಷಿದಾರನನ್ನು ಅರ್ಧ ದಿನ ನಿಲ್ಲಿಸಿ ಬೆವರಿಳಿಸುವ ಮನುಷ್ಯ, ದೊಡ್ಡ ಗಾಡಿ ಕಂಡರೆ ಬೆಣ್ಣೆ ಕರಗಿದಂತೆ ಕರಗುತ್ತಾರೆ. ನಿಪ್ಪಾಣಿ ಹಾದಿಯಲ್ಲಿ ಅಂಥಾದ್ದೊಂದು ನಮ್ಮನ್ನು ದಾಟಿ ಹೋದರೆ ಅದು ಮರೆಯಾಗುವತನಕ ಮಾತು ನಿಲ್ಲಿಸಿಬಿಡುತ್ತಿದ್ದರು. ಹೊಸದು ನಮ್ಮ ಕೈಗೆ ಎಟುಕುವುದಿಲ್ಲ. ಹಳೆಯದು ನೋಡೋಣ ಅಂದರೆ ನಿಪ್ಪಾಣಿಯ ದಸ್ತಗೀರ ಮಿಸ್ತ್ರಿ ಹೆದರಿಸುತ್ತಿದ್ದ. ನಮ್ಮ ಸಣ್ಣ ಕಾರನ್ನು ಹದಿನೈದು ವರ್ಷ ಜೀವಂತ ಇಟ್ಟವನು ಅವನು. ಅವನ ಪ್ರಕಾರ ಇಂಥಾ ಗಾಡಿ ಕೊಳ್ಳುವುದು ಸಸ್ತಾ, ಸಾಕುವುದು ಭಾರಿ. ಎಂಜಿನ್ನು ಒಮ್ಮೆ ಕೈಕೊಟ್ಟಿತೆಂದರೆ ಅದನ್ನು ಬಿಚ್ಚುವುದರೊಳಗೇ ನೀವು ಇನ್ನೊಂದು ಕಾರು ಕೊಂಡಿರುತ್ತೀರಿ ಅನ್ನುತ್ತಿದ್ದ. ಯಾರ ಕೈಯಲ್ಲಿತ್ತು, ಎಣ್ಣೆ ಯಾವಾಗ ಬದಲಿಸಿದರು, ಇದು ಗೊತ್ತಿಲ್ಲದೆ ಮುಟ್ಟಬೇಡಿ ಅಂತ ಅವನ ಆಜ್ಞೆ.

ಹೀಗಿರುವಾಗ ಪದ್ಮಾಳ ಫೋನು ಬಂತು. ಅವಳನ್ನು ಕೊಟ್ಟದ್ದು ಕಾಗವಾಡದ ಕಡೆ, ದ್ರಾಕ್ಷಿ ತೋಟದ ದೊಡ್ಡ ಮನೆಗೆ. ಮನೆಯ ಹಿರಿಯರು ಅವಳ ಗಂಡನ ಅಣ್ಣ, ಅಣ್ಣಾಸಾಹೇಬರು. ಅವರ ಮಾತಿಗೆ ಆ ಮನೆಯಲ್ಲಿ ಎದುರು ಮಾತಿಲ್ಲ. ಅವರು ಐದಾರು ವರ್ಷದ ಹಿಂದೆ ಒಂದು ಭಾರಿ ಡೀಸೆಲ್ ಗಾಡಿ ತಂದಿದ್ದರು, ಈಗ ಮೊಣಕಾಲು ನೋವಿನಿಂದ ಹತ್ತಲು ಆಗುವುದಿಲ್ಲವೆಂದು ಮಾರಲು ಹೊರಟಿದ್ದರು. ಪದ್ಮಾ ಬಾಯಿ ಬಿಟ್ಟು, ನಮ್ಮ ಅಕ್ಕನ ಮನೆಯವರು ಕಣ್ಣುಮುಚ್ಚಿ ತಗೋತಾರ ಅಂದುಬಿಟ್ಟಿದ್ದಳು. ಆ ಮಾತಿನ ಮೇಲೆ ಅಣ್ಣಾಸಾಹೇಬರು ಮಿರಜಿನ ಗಿರಾಕಿಯೊಬ್ಬನನ್ನು ವಾಪಸ್ ಕಳಿಸಿದ್ದರು. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಪದ್ಮಾ ಆ ಮನೆಯಲ್ಲಿ ಮೊದಲ ಬಾರಿ ಕೊಟ್ಟ ಮಾತು ಅದು.

"ಅಕ್ಕಾ, ನಿನಗ ಬ್ಯಾರೆ ಏನೂ ಕೇಳೂದಿಲ್ಲ," ಅಂದಳು. "ಗಾಡಿ ನೋಡಾಕ ಮಿಸ್ತ್ರಿನ್ನ ಕರಕೊಂಡ ಬರಬ್ಯಾಡ. ಬೀಗರ ಮ್ಯಾಲ ಸಂಶೆ ಪಟ್ಟಂಗ ಆಗ್ತೈತಿ. ನನ್ನ ಮಾತ ಇಲ್ಲಿ ನಿಲ್ಲೂದಿಲ್ಲ."

ನಮ್ಮ ಕಡೆ ಇದು ಹೀಗೇ. ಪರರ ಎಮ್ಮೆ ಕೊಳ್ಳುವಾಗ ಹಲ್ಲು ಎಣಿಸಬಹುದು, ಬೀಗರ ಎಮ್ಮೆಯ ಬಾಯಿ ಬಿಡಿಸುವಂತಿಲ್ಲ. ವಕೀಲರು ಕೂಡಲೇ ಒಪ್ಪಿದರು. ಬೀಗರ ಮನೆಯಲ್ಲಿ ಅಡ್ಡಸವಾಲು ಹಾಕಲು ತಮಗೂ ಆಗುವುದಿಲ್ಲ ಅಂದರು. ದಸ್ತಗೀರನಿಗೆ ಫೋನಿನಲ್ಲಿ ಹೇಳಿದರೆ ಅವನು, ಹಾಗಾದರೆ ತಣ್ಣಗಿದ್ದಾಗ ಚಾಲೂ ಮಾಡ್ರಿ, ಎಣ್ಣೆ ನೋಡ್ರಿ, ಮೇಲಿನದು ದೇವರಿಗೆ ಬಿಡ್ರಿ ಅಂತ ಇಟ್ಟುಬಿಟ್ಟ. ತಣ್ಣಗಿದ್ದಾಗ ಅನ್ನುವ ಮಾತು ಕೇಳಿ ನನಗೆ ಅಪ್ಪನ ಬೇವಿನ ಗಿಡ ನೆನಪಾಯಿತು.

ನಾವು ಮುಟ್ಟಿದಾಗ ಮಧ್ಯಾಹ್ನ ಮೂರು. ಗಾಡಿ ಅಂಗಳದಲ್ಲಿ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಕೊಂಡು, ಎಂಜಿನ್ನು ಚಾಲೂ ಆಗಿ, ಗುರ್ ಅಂತ ನಿಂತಿತ್ತು. ಅಣ್ಣಾಸಾಹೇಬರು ಬಾಗಿಲಿಗೇ ಬಂದು ಬರ್ರಿ ವಕೀಲ್ ಸಾಹೇಬ್ರ ಅಂತ ಕೈಹಿಡಿದು ಒಯ್ದರು. ಅವಲಕ್ಕಿ, ಬೇಸನ್ ಉಂಡಿ, ಚಹಾ, ಅದರ ಮೇಲೆ ಮಜ್ಜಿಗೆ. ಉಪಚಾರ ಮುಗಿಯುವತನಕ ಹೊರಗೆ ಎಂಜಿನ್ನು ನಡೆಯುತ್ತಲೇ ಇತ್ತು. ಬೀಗರು ಬರುವ ಅರ್ಧ ತಾಸು ಮೊದಲೇ ಚಾಲೂ ಮಾಡಿಸಿದ್ದೆ, ನಿಮ್ಮನ್ನ ಕಾಯಿಸಬಾರದಲ್ಲ ಅಂದರು. ಅವರ ಮುಖ ನೋಡಿದರೆ ಕಪಟವೇನೂ ಕಾಣಲಿಲ್ಲ. ಬೀಗರಿಗೆ ತಂಗಳ ಬಡಿಸಬಾರದು, ಹಾಗೇ ತಣ್ಣನ ಗಾಡಿಯನ್ನೂ ತೋರಿಸಬಾರದು, ಅಷ್ಟೇ ಅವರ ಲೆಕ್ಕ.

ಗಾಡಿಯ ಚರಿತ್ರೆಯನ್ನು ಅವರು ಅಭಿಮಾನದಿಂದ ಹೇಳಿದರು. ಧೂಳಿಗೆ ಒಯ್ದಿಲ್ಲ, ಮಳೆಗೆ ಒಯ್ದಿಲ್ಲ, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ಹಾದಿಗಂತೂ ಇಳಿಸಿಯೇ ಇಲ್ಲ. ಶೆಡ್ಡಿನಲ್ಲಿ ಮೇಲೆ ಹೊದಿಕೆ ಹಾಕಿ ಇಟ್ಟದ್ದು. ಅಮವಾಸಿಗೊಮ್ಮೆ ತೊಳೆದು, ಕಾಯಿ ಒಡೆದು, ಊರ ಬಸದಿಯ ತನಕ ಓಡಿಸಿ ತಿರುಗಿ ಒಳಗಿಡುವುದು. ಬಸದಿ ಅವರ ಮನೆಯಿಂದ ಕೂಗಳತೆ ದೂರ. ಸೀಟಿನ ಮೇಲಿನ ಪ್ಲಾಸ್ಟಿಕ್ ಸಹ ತೆಗೆದಿರಲಿಲ್ಲ. ವಕೀಲರು ಡ್ರೈವರ್ ಸೀಟಿನಲ್ಲಿ ಕುಂತು ಯಾವುದೋ ಗುಂಡಿ ಒತ್ತಿದರು, ಸೀಟು ಹಿಂದಕ್ಕೆ ಜಾರಿ ಅವರನ್ನು ಕ್ಷೌರದ ಕುರ್ಚಿಯಲ್ಲಿ ಒರಗಿಸಿದಂತೆ ಒರಗಿಸಿತು. ಅಲ್ಲಿಂದ ಮೇಲಿನ ಗಾಜಿನ ಕಿಂಡಿಯಲ್ಲಿ ಆಕಾಶ ನೋಡುತ್ತ ಮಲಗಿದವರು ಏಳುವ ಲಕ್ಷಣವೇ ಕಾಣಲಿಲ್ಲ.

ನಾನು ಸುಮ್ಮನೆ ಗಾಡಿಯ ಮುಂದೆ ಹೋಗಿ ಬಾನೆಟ್ಟಿನ ಮೇಲೆ ಮುಂಗೈ ಇಟ್ಟೆ. ಕಾದ ಹಂಚು. ತಲೆ ಎತ್ತಿದರೆ ಅಡಿಗಿಮನಿಯ ಬಾಗಿಲಲ್ಲಿ ಪದ್ಮಾ ನಿಂತಿದ್ದಳು. ಸೆರಗು ಹಣೆಯ ತನಕ, ಕೈಯಲ್ಲಿ ಖಾಲಿ ತಾಟು. ನನ್ನ ಕೈ ನೋಡಿದಳು, ಆಮೇಲೆ ನನ್ನ ಕಣ್ಣು ನೋಡಿದಳು, ಬ್ಯಾಡ ಅನ್ನುವಂತೆ ತಲೆ ಅಲ್ಲಾಡಿಸಿದಳು. ಕೈ ತೆಗೆದೆ. ಹತ್ತು ವರ್ಷ ಆಸೆಪಟ್ಟ ಮನುಷ್ಯ ಸೀಟಿನಲ್ಲಿ ಮಲಗಿದ್ದಾನೆ, ಗಾಡಿ ಕೆಟ್ಟರೆ ರಿಪೇರಿ ಮಾಡಿಸುವ ಶಕ್ತಿ ನಮಗಿಲ್ಲ. ಬೇಡ ಅಂದರೆ ತಂಗಿಯ ಮಾತು ಆ ಮನೆಯಲ್ಲಿ ಬಿದ್ದುಹೋಗುತ್ತದೆ.

ಆಗ ನಾನು ಅಪ್ಪನ ಉಪಾಯವನ್ನೇ ಹಿಡಿದೆ. ಬೇವಿನ ಗಿಡ ಇರಲಿಲ್ಲ, ಅದರ ಬದಲಿಗೆ ತಂಗಿಯ ಮನೆ. ನಮ್ಮ ಧರ್ಮದಂತೆ ಹೊತ್ತು ಮುಳುಗುವುದರೊಳಗೆ ಊಟ ಮಾಡಬೇಕು, ಮಾಡಿ ಹೊರಟರೆ ಕತ್ತಲಾಗುತ್ತದೆ, ನನಗೂ ಪದ್ಮಾಳ ಜೊತೆ ಕುಂತು ಮಾತಾಡಿ ವರ್ಷಗಳಾದವು, ಇವತ್ತು ರಾತ್ರಿ ವಸ್ತಿ ಇಲ್ಲೇ ಅಂದೆ. ಅಣ್ಣಾಸಾಹೇಬರಿಗೆ ಹಿಗ್ಗೋ ಹಿಗ್ಗು. ವಕೀಲರು ಮಾತ್ರ ನನ್ನನ್ನು ಅನುಮಾನದಿಂದ ನೋಡಿದರು. ಬೀಗರ ಮನೆಯಲ್ಲಿ ನಾನು ವಸ್ತಿ ಕೇಳಿದ್ದು ಅದೇ ಮೊದಲು.

ಮುಂಜಾನೆ ಬೆಳಕು ಹರಿಯುತ್ತಿದ್ದಂತೆ ಎದ್ದು, ರಾತ್ರಿ ಗಾಡಿ ಒಳಗಿಟ್ಟಿದ್ದ ಶೆಡ್ಡಿನ ಹತ್ತಿರ ಹೋದೆ. ಕೀಲಿಕೈ ಇಲ್ಲದೆ ಬಾನೆಟ್ ತೆಗೆಯಲು ಬರುವುದಿಲ್ಲ ಅನ್ನುವುದು ಅಲ್ಲಿ ಹೋದ ಮೇಲೆ ಹೊಳೆಯಿತು. ಎಂಜಿನ್ ಪಂಡಿತಳ ಬುದ್ಧಿ ನೋಡ್ರಿ. ವಾಪಸ್ ತಿರುಗುವುದರಲ್ಲಿ ಪದ್ಮಾ ಬಂದಳು. ಒಂದು ಕೈಯಲ್ಲಿ ದೇವರ ಮನೆಯ ಮೊಳೆಗೆ ತೂಗುವ ಗಾಡಿಯ ಕೀಲಿ, ಇನ್ನೊಂದು ಕೈಯಲ್ಲಿ ಮಡಚಿದ ಬಿಳಿ ಅರಿವೆ. ಅಪ್ಪನ ದೋತರದ ಅವಳ ಪಾಲು.

"ನಿನ್ನಿ ನೀ ಮುಂಗೈ ಇಟ್ಟಿ," ಅಂದಳು. "ಅಪ್ಪನ್ನ ನೋಡಿದಂಗಾತವಾ. ಗೊತ್ತಿದ್ದೂ ನಿನಗ ಕಣ್ಣ ಮುಚ್ಚಂದ್ನಲ್ಲ ಅಂತ ಜೀವಕ್ಕ ಸಮಾಧಾನ ಆಗವಲ್ದು."

ಇಬ್ಬರೂ ಸ್ವಲ್ಪ ಅತ್ತೆವು. ಅತ್ತು ಮುಗಿಸಿ ಬಾನೆಟ್ ಎತ್ತಿದೆವು. ಈಗಿನ ಕೆಲವು ದೊಡ್ಡ ಗಾಡಿಗಳಿಗೆ ಎಣ್ಣೆಕಡ್ಡಿಯೇ ಇರುವುದಿಲ್ಲವಂತೆ, ಎಲ್ಲಾ ಪರದೆಯ ಮೇಲೆ. ನಮ್ಮ ಪುಣ್ಯ, ಇದಕ್ಕೆ ಇತ್ತು. ಪದ್ಮಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಡ್ಡಿ ಹಿರಿದು, ಒರಸಿ, ಅದ್ದಿ ತೆಗೆದಳು. ಕಡ್ಡಿಯ ಮೇಲ್ಮಟ್ಟದ ಗುರುತನ್ನು ದಾಟಿ ಎಣ್ಣೆ ಎರಡು ಬೆರಳು ಮೇಲಿತ್ತು. ಅರಿವೆಯ ಮೇಲೆ ನೀರಿನಂತೆ ತೆಳ್ಳಗೆ ಹರಡಿತು. ಇಬ್ಬರೂ ಒಟ್ಟಿಗೆ ಮೂಸಿದೆವು. ಡೀಸೆಲ್ ವಾಸನೆ.

ತಲೆ ಎತ್ತಿದರೆ ಶೆಡ್ಡಿನ ಬಾಗಿಲಲ್ಲಿ ಅಣ್ಣಾಸಾಹೇಬರು. ಸ್ನಾನ ಮಾಡಿ ಮಡಿಯುಟ್ಟು, ಕೈಯಲ್ಲಿ ಹಿತ್ತಾಳೆ ತಂಬಿಗೆ, ಅದರ ಬಾಯಿಗೆ ಸೋಸುವ ಅರಿವೆ. ಬಸದಿಯ ಅಭಿಷೇಕದ ನೀರು ತಾವೇ ಸೋಸಿ ಒಯ್ಯುವುದು ಅವರ ದಿನದ ನೇಮ. ಇಪ್ಪತ್ತೆಂಟು ವರ್ಷ ತರಗತಿಯಲ್ಲಿ ಮಾತಾಡಿದ ನಾನು ಅರಿವೆಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಮಾತಾಡಿದ್ದು ಪದ್ಮಾ, ಭಾವನ ಮುಂದೆ ಎಂದೂ ದನಿ ಎತ್ತದವಳು.

"ಭಾವಾರ, ಎಣ್ಣಿ ಹೆಚ್ಚಾಗೇತ್ರಿ," ಅಂದಳು.

ಅವರು ಹಗುರಾದರು. ಕಡಿಮೆ ಆಗಿದ್ದರೆ ಚಿಂತೆ, ಹೆಚ್ಚಾದರೆ ಚಲೋನೇ ಅಲ್ಲೇನವಾ ಅಂದರು. ಎಣ್ಣೆ ತಾನಾಗಿ ಹೆಚ್ಚಾಗುವುದಿಲ್ಲರೀ, ಡೀಸೆಲ್ ಇಳಿದು ಅದರೊಳಗ ಕೂಡಿದೆ, ಎಣ್ಣೆಯ ಸತ್ವ ಹೋಗಿದೆ, ಹೀಗೇ ಓಡಿಸಿದರೆ ಎಂಜಿನ್ನು ಒಳಗಿಂದೊಳಗೇ ಸವೆದು ಕುಂತುಬಿಡುತ್ತದೆ ಅಂದಳು. ಅವರ ಮುಖ ಸಣ್ಣದಾಯಿತು. "ಮಗಳ್ನ ನೋಡಿದಂಗ ನೋಡೇನಲ್ಲವಾ," ಅಂದರು. ಅದು ಸಿಟ್ಟಾಗಿದ್ದರೆ ನಾವು ತಡೆದುಕೊಳ್ಳುತ್ತಿದ್ದೆವು. ಅದು ನೋವು.

ಪದ್ಮಾ ಅವರ ಕೈಯೊಳಗಿನ ತಂಬಿಗೆಯನ್ನು ನೋಡುತ್ತ ಹೇಳಿದಳು. "ಈ ಗಾಡಿ ಹೊಗಿ ಸೋಸ್ತೈತ್ರಿ. ಸೈಲೆನ್ಸರಿನ ಒಳಗ ಮಸಿ ಹಿಡಿಯೂ ಜಾಲರಿ ಇರ್ತೈತಿ. ದೂರ ಓಡಿ ಕಾದ್ರ ಆ ಮಸಿ ಸುಟ್ಟ ಜಾಲರಿ ಸ್ವಚ್ಛ ಆಗ್ತೈತಿ. ಬಸದಿತನಕ ಹೋಗಿ ಬಂದ್ರ ಕಾಯೂದ ಇಲ್ಲ. ಸುಡಾಕ ಅಂತ ಬಿಟ್ಟ ಡೀಸೆಲ್ ಎಣ್ಣ್ಯಾಗ ಇಳೀತೈತಿ. ನೀವ ಆ ಅರಿವಿ ದಿನಾ ತಿರುವಿ ಹಾಕಿ ತೊಳಿತೀರಿ. ಇದರ ಅರಿವಿ ಐದ ವರ್ಷ ತೊಳದಿಲ್ರಿ."

ಅಣ್ಣಾಸಾಹೇಬರು ತಮ್ಮ ತಂಬಿಗೆಯ ಬಾಯಿ ನೋಡಿಕೊಂಡರು. ಬಸದಿಯ ಕಡೆ ನಡೆದರು.

ಇದನ್ನೆಲ್ಲ ಪದ್ಮಾ ಎಲ್ಲಿ ಕಲಿತಳು ಅಂತ ನನಗೂ ಸೋಜಿಗ. ಕೇಳಿದರೆ, ಗಾಡಿಯ ಜೊತೆ ಬಂದ ದಪ್ಪ ಪುಸ್ತಕವನ್ನು ಮನೆಯಲ್ಲಿ ಯಾರೂ ಓದಲಿಲ್ಲ, ಮಧ್ಯಾಹ್ನದ ಹೊತ್ತು ನಾನೇ ಓದಿದೆ ಅಂದಳು. ಹೇಳಲಿಕ್ಕೆ ಅವಳನ್ನು ಯಾರೂ ಕೇಳಿರಲಿಲ್ಲ. ಅಣ್ಣಾಸಾಹೇಬರು ತಿರುಗಿ ಬರುವತನಕದ ಒಂದು ತಾಸು ನಾವು ಹೇಗೆ ಕಳೆದೆವೋ. ಪದ್ಮಾ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದಳು. ವಿಷಯ ಕೇಳಿ ವಕೀಲರು, ಸಮಾಧಾನದ ಮಾತು ನಾನು ಆಡುತ್ತೇನೆ ಅಂತ ಎದ್ದು ನಿಂತು, ಏನು ಆಡುವುದೆಂದು ತಿಳಿಯದೆ ಮತ್ತೆ ಕುಂತರು.

ಅಣ್ಣಾಸಾಹೇಬರು ಬಂದು ಪಡಸಾಲೆಯಲ್ಲಿ ಕುಂತು, ಮನೆ ಮಂದಿಯೆಲ್ಲ ಕೇಳುವಂತೆ ಒಳಗೆ ಕೂಗಿದರು. "ಪದ್ಮವ್ವಾ, ಆ ಜಾಲರಿ ತೊಳಿಯೂದ ಹ್ಯಾಂಗ?"

ಪದ್ಮಾ ಹೊಸ್ತಿಲಿಗೆ ಬಂದು ಮಿಸ್ತ್ರಿನ್ನ ಕರಸಬೇಕ್ರಿ ಅಂದಳು. ಕರಸ್ರಿ ಅಂದರು. ಉಪ್ಪುಪ್ಪಾದ ಉಪ್ಪಿಟ್ಟನ್ನು ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ತಿಂದೆವು.

ದಸ್ತಗೀರ ಹನ್ನೊಂದಕ್ಕೆಲ್ಲ ಬಂದ. ಎಣ್ಣೆ, ಫಿಲ್ಟರು ಮಿರಜಿನಿಂದ ತರಿಸಿದರು. ಅವನು ತನ್ನ ಸ್ಕ್ಯಾನರನ್ನು ಗಾಡಿಗೆ ಸಿಕ್ಕಿಸಿ, ಅದು ತೋರಿಸಿದ್ದನ್ನು ಓದಿ, ಕೆಳಗೆ ಮಲಗಿ ನೋಡಿ, ತಣ್ಣಗಿದ್ದಾಗ ಚಾಲೂ ಮಾಡಿ ಹೊಗೆಯ ಬಣ್ಣ ನೋಡಿ, ಕೊನೆಗೆ ಕೈ ಒರಸಿಕೊಂಡ. ಟರ್ಬೋ ಸರಿಯಿದೆ, ಎಂಜಿನ್ನಿನ ಜೀವ ಗಟ್ಟಿಯಿದೆ. ಓಡದಿದ್ದರೂ ರಬ್ಬರಿಗೆ ವಯಸ್ಸು ಆಗುತ್ತದೆ, ಬೆಲ್ಟು, ಟೈರು, ಪೈಪು ಬದಲಿಸಬೇಕು. ಈ ಎಣ್ಣೆಯಲ್ಲಿ ಇನ್ನಾರು ತಿಂಗಳು ಹೋಗಿದ್ದರೆ ಮಾತೇ ಬೇರೆ ಇತ್ತು. ಕಿಲೋಮೀಟರ್ ಕಡಿಮೆ ಐತಿ ಅಂತ ಗಾಡಿ ಕೊಳ್ಳುವವರು ಮೊದಲು ಇದನ್ನು ನೋಡಬೇಕು ಅಂತ ವಕೀಲರ ಕಡೆ ತಿರುಗಿ ಹೇಳಿದ. ಅಣ್ಣಾಸಾಹೇಬರು ಅಳುಕುತ್ತ, ರೋಗ ಏನಪಾ ಅಂತ ಕೇಳಿದರು.

"ರೋಗ ಇಲ್ರಿ ಯಜಮಾನ್ರ. ಅದಕ ಬ್ಯಾಸರಾಗೈತಿ. ದೂರ ಒಯ್ಯೂಣು ನಡ್ರಿ."

ಹೊಸ ಎಣ್ಣೆ ಹಾಕಿ ಐವರು ಹತ್ತಿದೆವು. ದಸ್ತಗೀರ ಸ್ಟೇರಿಂಗಿನಲ್ಲಿ, ವಕೀಲರು ಪಕ್ಕದಲ್ಲಿ, ಹಿಂದೆ ನಾವಿಬ್ಬರು ಅಕ್ಕತಂಗಿಯರು, ನಮ್ಮ ಪಕ್ಕದಲ್ಲಿ ಅಣ್ಣಾಸಾಹೇಬರು. ಮೊಣಕಾಲಿಗೆ ಒಂದು ಮಣೆ ಇಟ್ಟು ಹತ್ತಿಸಿದೆವು. ಬಸದಿ ದಾಟಿದಾಗ ಅವರು ಹೊರಳಿ ನೋಡಿದರು. ತಮ್ಮ ಗಾಡಿಯಲ್ಲಿ ಅದರಾಚೆಗೆ ಅವರು ಹೋದದ್ದು ಅದೇ ಮೊದಲು. ಚಿಕ್ಕೋಡಿ ದಾಟಿ ನಿಪ್ಪಾಣಿಯ ಹತ್ತಿರ ದೊಡ್ಡ ಹಾದಿ ಹತ್ತಿ ಸಂಕೇಶ್ವರದ ಕಡೆ ತಿರುಗಿದ ಮೇಲೆ ದಸ್ತಗೀರ ಒಂದೇ ವೇಗ ಹಿಡಿದ. ಪರದೆಯ ಮೇಲೆ ಒಂದು ಗುರುತು ಬಂತು. ಜಾಲರಿಯ ಮಸಿ ಸುಡಲು ಶುರುವಾಗಿದೆ, ಇನ್ನು ಅದು ಮುಗಿಯುವತನಕ ಗಾಡಿ ನಿಲ್ಲಿಸುವಂತಿಲ್ಲ, ಬಂದ್ ಮಾಡುವಂತಿಲ್ಲ ಅಂದ.

ಆಗ ಪೇಚಿಗೆ ಬಂತು. ಹೊತ್ತು ಇಳಿಯುತ್ತಿತ್ತು. ನಮ್ಮ ಊಟ ಹೊತ್ತು ಮುಳುಗುವುದರೊಳಗೆ ಆಗಬೇಕು. ಚಪಾತಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಪದ್ಮಾ ಕಟ್ಟಿ ತಂದಿದ್ದಳು, ಎಲ್ಲಿಯಾದರೂ ಗಿಡದ ಕೆಳಗೆ ಕುಂತು ಉಣ್ಣುವ ಅಂದಾಜು. ಈ ಗಾಡಿಯಲ್ಲಿ ಯಾರೂ ಒಂದು ಗುಟುಕು ನೀರು ಕುಡಿಯಲು ಅಣ್ಣಾಸಾಹೇಬರು ಬಿಟ್ಟವರಲ್ಲ. ನಾವು ಮೂವರೂ ಕಿಡಕಿಯಲ್ಲಿ ಸೂರ್ಯನನ್ನು ನೋಡಿದೆವು, ಅಣ್ಣಾಸಾಹೇಬರನ್ನು ನೋಡಿದೆವು. ಅವರು ಸೀಟನ್ನು ಸವರಿ, ಪ್ಲಾಸ್ಟಿಕ್ ಐತಲ್ಲ, ಒರಸಿದರಾಯ್ತು, ಬಿಚ್ಚು ಬುತ್ತಿ ಅಂದರು. ಓಡುವ ಗಾಡಿಯಲ್ಲಿ ತೊಡೆಯ ಮೇಲೆ ಚಪಾತಿ ಇಟ್ಟುಕೊಂಡು ಉಂಡೆವು. ಅವರ ಬಿಳಿ ಅಂಗಿಯ ಮೇಲೆ ಹಿಂಡಿ ಬಿತ್ತು, ಝಾಡಿಸಿಕೊಂಡು ನಕ್ಕರು. ದಸ್ತಗೀರನಿಗೂ ಚಪಾತಿ ಸುರುಳಿ ಸುತ್ತಿ ಕೈಗೆ ಕೊಟ್ಟರು. ಕಡೆಯ ತುತ್ತಿಗೂ ಸೂರ್ಯನಿಗೂ ಸರಿಹೋಯಿತು. ಸ್ವಲ್ಪ ಹೊತ್ತಿಗೆ ಪರದೆಯ ಗುರುತು ಆರಿತು. ಗಾಡಿ ಹಗುರಾಗಿ ಮುಂದಕ್ಕೆ ನೆಗೆದದ್ದು ನನ್ನ ಬೆನ್ನಿಗೇ ಗೊತ್ತಾಯಿತು. ಪದ್ಮಾ ನನ್ನ ಕೈ ಹಿಸುಕಿದಳು.

ಗಾಡಿ ನಮ್ಮದಾಯಿತು. ಅಣ್ಣಾಸಾಹೇಬರು ಹಾಕಿದ ಕರಾರು ಒಂದೇ, ಅಮವಾಸಿಗೊಮ್ಮೆ ಕಾಗವಾಡಕ್ಕೆ ಬಂದು ಅವರನ್ನೂ ಪದ್ಮಾಳನ್ನೂ ಕೂರಿಸಿಕೊಂಡು ದೂರ ಒಯ್ಯಬೇಕು. ಎರಡು ವರ್ಷವಾಯಿತು, ಒಂದು ಅಮವಾಸಿಯೂ ತಪ್ಪಿಲ್ಲ. ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಾಗುತ್ತದೆ, ಎಂಜಿನ್ನು ತಣ್ಣಗಿದ್ದಾಗ ಒಂದೇ ಹೊಡೆತಕ್ಕೆ ಏಳುತ್ತದೆ. ಸೀಟಿನ ಪ್ಲಾಸ್ಟಿಕ್ ಮಾತ್ರ ತೆಗೆಯಲು ಅವರು ಬಿಟ್ಟಿಲ್ಲ, ಬುತ್ತಿಗೆ ಬೇಕಲ್ಲ. ನನ್ನ ಪಾಲಿನ ದೋತರ ಹಂಚು ಹಿಡಿದು ಸುಟ್ಟದ್ದನ್ನು ಅವತ್ತೇ ಪದ್ಮಾಗೆ ಹೇಳಿದೆ. ಅವಳು ಬೈಯಲಿಲ್ಲ. ತನ್ನ ಪಾಲನ್ನೇ ಮತ್ತೆ ನಡುವೆ ಹರಿದು ಅರ್ಧ ನನಗೆ ಕೊಟ್ಟಳು. ಅದೇ ಈ ಬಾಗಿಲಿನ ಜೇಬಿನೊಳಗಿನ ಅರಿವೆ.

ಮೊನ್ನೆ ಸಂಜೆ ಪದ್ಮಾಳ ಫೋನು ಬಂತು. ಎಲ್ಲಿದ್ದೀ ಅಂದರೆ ರಾಯಬಾಗದ ಕಡೆ ಒಂದು ಊರಲ್ಲಿದ್ದಾಳೆ. ತೋಟಕ್ಕೆ ಒಂದು ಹಳೆಯ ಟ್ರ್ಯಾಕ್ಟರ್ ಬೇಕಾಗಿ ಅಣ್ಣಾಸಾಹೇಬರು ಅವಳನ್ನು ಕರೆದುಕೊಂಡು ನೋಡಲು ಹೋಗಿದ್ದಾರೆ. ಮಾರುವವರು ದೂರದ ನೆಂಟರು, ಭಾರಿ ಉಪಚಾರ, ಇವರು ಮುಟ್ಟುವುದರೊಳಗೆ ಟ್ರ್ಯಾಕ್ಟರ್ ಚಾಲೂ ಮಾಡಿ ಇಟ್ಟಿದ್ದರಂತೆ. ನಿಮ್ಮ ಭಾವಾರು ಏನಂದರು ಅಂತ ಕೇಳಿದೆ.

"ಅವರ ಅಂದ್ರವಾ, ಆರಲಿ, ನಮ್ಮ ಪದ್ಮವ್ವ ಮುಂಜಾನಿ ನೋಡ್ತಾಳ, ಇವತ್ತ ನಾವ ವಸ್ತಿ ಇಲ್ಲೇ ಅಂತ."

ಅರಿವಿ ಒಯ್ದೀ ಏನ ಅಂತ ಕೇಳಿದೆ.

"ಅದ ಭಾವಾರ ಹೆಗಲ ಮ್ಯಾಲ ಐತಿ," ಅಂದಳು.